ತೋಟದಲ್ಲೇ ಹುಟ್ಟಿದವರಿಗೆ ದೇಶ ಸಿಗಲು 55 ವರ್ಷ ಬೇಕಾಯಿತು

ಸುಳ್ಯದ ಕಡೆ, ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಬೆಳಗಿನ ಜಾವವೇ ಟ್ಯಾಪಿಂಗ್‌ಗೆ, ಅಂದರೆ ಮರ ಕೆತ್ತಿ ಹಾಲು ಇಳಿಸಲು, ಹೋಗುವ ತಮಿಳು ಕುಟುಂಬಗಳಿವೆ. ಇವರ ಹಿರಿಯರು ತಮಿಳುನಾಡಿನಿಂದ ನೇರವಾಗಿ ಇಲ್ಲಿಗೆ ಬಂದವರಲ್ಲ. ಶ್ರೀಲಂಕಾದಿಂದ ಬಂದವರು. ಅಲ್ಲಿನ ಸರ್ಕಾರಕ್ಕೆ ಅವರು ಬೇಡವಾಗಿದ್ದರು.

ಕಥೆ ಶುರುವಾಗುವುದು 1820ರ ದಶಕದಲ್ಲಿ. ಬ್ರಿಟಿಷರು ಕಾಫಿ ತೋಟಕ್ಕೆಂದು ತಮಿಳು ಜಿಲ್ಲೆಗಳ ಬಡವರನ್ನು ಶ್ರೀಲಂಕಾಕ್ಕೆ ಕರೆದುಕೊಂಡು ಹೋದರು. ಅಲ್ಲಿನ ಮನ್ನಾರ್ ತೀರದಲ್ಲಿ ದೋಣಿ ಇಳಿದವರು ಕಾಡಿನ ದಾರಿಯಲ್ಲಿ ನಡೆದೇ ಬೆಟ್ಟ ಸೇರಬೇಕಿತ್ತು, ಎಷ್ಟೋ ಜನ ದಾರಿಯಲ್ಲೇ ತೀರಿಕೊಂಡರು. 1869ರ ನಂತರ ಎಲೆ ರೋಗ ಬಂದು ಕಾಫಿ ಹಾಳಾಯಿತು, ಆ ಜಾಗದಲ್ಲಿ ಚಹಾ ಬಂತು. ಜನ ಮಾತ್ರ ಅವರೇ, ಅದೇ ಲೈನ್ ಮನೆ. ಉದ್ದಕ್ಕೆ ಒಂದೇ ಸೂರು, ಒಳಗೆ ಸಾಲಾಗಿ ಕೋಣೆ, ಒಂದು ಕೋಣೆಗೆ ಒಂದು ಸಂಸಾರ. ನಮ್ಮ ಕೊಡಗು, ಚಿಕ್ಕಮಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1947ರ ಚುನಾವಣೆಯಲ್ಲಿ ಈ ತೋಟದ ಜನರ ಪಕ್ಷ 7 ಸೀಟು ಗೆದ್ದಿತು. ಬೇರೆ ಕಡೆ ಇವರ ಮತ ಎಡಪಕ್ಷಗಳಿಗೂ ಹೋಯಿತು. ನನಗೆ ಕಾಣುವಂತೆ, ಮುಂದೆ ಆದದ್ದಕ್ಕೆಲ್ಲ ಮೂಲ ಇದೇ. ಮರುವರ್ಷ ಸ್ವಾತಂತ್ರ್ಯ ಬಂತು, ಅದೇ ವರ್ಷ ಪ್ರಧಾನಿ ಡಿ.ಎಸ್. ಸೇನಾನಾಯಕೆ ಸರ್ಕಾರ ಪೌರತ್ವ ಕಾನೂನು ತಂದಿತು. ಅಲ್ಲೇ ಹುಟ್ಟಿದರೆ ಸಾಲದು, ಅಪ್ಪನೋ ಅಥವಾ ತಾತ ಮುತ್ತಾತರೋ ಅಲ್ಲೇ ಹುಟ್ಟಿದ್ದಕ್ಕೆ ದಾಖಲೆ ಬೇಕು. ಲೈನ್ ಮನೆಯಲ್ಲಿ ಹೆರಿಗೆಯಾದವರ ಹತ್ತಿರ ಇಂಥ ಕಾಗದ ಎಲ್ಲಿಂದ ಬರಬೇಕು, ಹೇಳಿ? ಸುಮಾರು 7 ಲಕ್ಷ ಜನ ಯಾವ ದೇಶಕ್ಕೂ ಸೇರದವರಾದರು. ಮತದಾನದ ಹಕ್ಕೂ ಹೋಯಿತು. ಇದನ್ನು ಬಲವಾಗಿ ವಿರೋಧಿಸಿದ ಉತ್ತರದ ತಮಿಳು ನಾಯಕ ಚೆಲ್ವನಾಯಗಂ 1949ರಲ್ಲಿ ಬೇರೆ ಪಕ್ಷವನ್ನೇ ಕಟ್ಟಿದರು.

1964ರಲ್ಲಿ ಎರಡೂ ದೇಶದ ಪ್ರಧಾನಿಗಳಾದ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಕೂತು ಲೆಕ್ಕ ಹಾಕಿದರು. ಒಟ್ಟು 9.75 ಲಕ್ಷ ಜನ. 5.25 ಲಕ್ಷ ಭಾರತಕ್ಕೆ, 3 ಲಕ್ಷ ಶ್ರೀಲಂಕಾಕ್ಕೆ. ಉಳಿದ 1.5 ಲಕ್ಷವನ್ನು 1974ರಲ್ಲಿ ಇಂದಿರಾ ಗಾಂಧಿ ಕಾಲದಲ್ಲಿ ಅರ್ಧರ್ಧ ಹಂಚಿಕೊಂಡರು. ನಿಮಗೆ ಎಲ್ಲಿರಲು ಇಷ್ಟ ಅಂತ ಕೂಲಿಯವರನ್ನು ಕೇಳದೆಯೇ ಈ ಲೆಕ್ಕ ಮುಗಿಯಿತು. ಭಾರತವನ್ನು ಕಣ್ಣಾರೆ ನೋಡಿಯೇ ಇರದವರು ಹಡಗು ಹತ್ತಿ ರಾಮೇಶ್ವರಕ್ಕೆ ಬಂದಿಳಿದರು. ಕೆಲವರು ನೀಲಗಿರಿಗೆ ಹೋದರು, ಕೆಲವರು ಸುಳ್ಯ, ಪುತ್ತೂರಿಗೆ. ಶ್ರೀಲಂಕಾದಲ್ಲಿ ಅಂತರ್ಯುದ್ಧ ಶುರುವಾಗಿ ಹಡಗು ನಿಂತಾಗ ಎಷ್ಟೋ ಜನ ಅಲ್ಲೇ ಉಳಿದುಬಿಟ್ಟರು, ಕೈಯಲ್ಲಿ ಅಲ್ಲಿನ ಪೌರತ್ವ ಇಲ್ಲ.

ಕೊನೆಗೆ ಶ್ರೀಲಂಕಾದ 2003ರ ಕಾನೂನು ಉಳಿದವರಿಗೂ ಪೌರತ್ವ ಕೊಟ್ಟಿತು. ಆದರೆ ಲೈನ್ ಮನೆ ಇನ್ನೂ ಇದೆ, ಅದರ ಜಾಗ ಬಹಳ ಮಂದಿಯ ಹೆಸರಿಗೆ ಇನ್ನೂ ಆಗಿಲ್ಲ. ದಿನಕ್ಕೆ 1000 ಶ್ರೀಲಂಕಾ ರೂಪಾಯಿ ಕೂಲಿಗಾಗಿ ವರ್ಷಗಟ್ಟಲೆ ಹೋರಾಡಿದರು, ಅದು ಆದೇಶವಾಗಿ ಬಂದದ್ದು 2021ರಲ್ಲಿ. ಅಲ್ಲಿ ದಿನದ ಹಾಜರಿಗೆ 'ಪೇರ್' ಅನ್ನುತ್ತಾರೆ, ಅಂದರೆ ಹೆಸರು. ಸಂಜೆ ತಕ್ಕಡಿಯಲ್ಲಿ ಚಹಾ ಸೊಪ್ಪು ಕಡಿಮೆ ತೂಗಿದರೆ ಅದನ್ನು ಕಿತ್ತ ಹೆಂಗಸಿಗೆ ಅವತ್ತು ಸಿಗುವುದು ಅರ್ಧ ಪೇರ್.