ಜೀವವಿದ್ದರೆ ಹಸಿರು

ಮಾಟುಂಗಾದ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮುಂದೆ ಆಯುಷ್ಯ ಸವೆಸಿದ ನನ್ನ ದೊಡ್ಡಪ್ಪ ಕಳೆದ ಭಾನುವಾರ ಕೇಳಿದರು: "ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶ. ಅದು ಬದುಕಿದೆಯೋ ಸತ್ತಿದೆಯೋ ನಿನಗೆ ತಿಳಿಯುವುದು ಹೇಗೆ?"

ಅದಕ್ಕೆ ನಾನು ಪ್ರಯೋಗಾಲಯದಲ್ಲಿ ಬಳಸುವ ಬಣ್ಣ ಕ್ಯಾಲ್ಸೀನ್ ಎಎಂ. ಹೊಳೆಯಬಲ್ಲ ಕ್ಯಾಲ್ಸೀನ್ ಅಣುವಿಗೆ ಎಸ್ಟರ್ ಎಂಬ ರಾಸಾಯನಿಕ ಗುಂಪುಗಳ ಮುಸುಕು ಹಾಕಿರುತ್ತಾರೆ. ಮುಸುಕಿರುವಾಗ ಅದು ಹೊಳೆಯದು, ಆದರೆ ಕೋಶದ ಜಿಡ್ಡಿನ ಪೊರೆಯನ್ನು ಸಲೀಸಾಗಿ ದಾಟುತ್ತದೆ. ಒಳಗೆ ಎಸ್ಟರೇಸ್ ಎಂಬ ಕಿಣ್ವಗಳು ಮುಸುಕನ್ನು ಕತ್ತರಿಸಿ ಹಾಕುತ್ತವೆ. ಆಮೇಲೆ ನೀಲಿ ಬೆಳಕು ಹಾಯಿಸಿದರೆ ಹಸಿರು ಹೊಮ್ಮುತ್ತದೆ. ಮುಸುಕು ಕಳೆದ ಅಣುವಿನಲ್ಲಿ ಋಣ ವಿದ್ಯುದಂಶ ಬಯಲಾಗುವುದರಿಂದ ಅದು ಪೊರೆ ದಾಟಿ ಮರಳಲಾರದೆ ಒಳಗೇ ಉಳಿಯುತ್ತದೆ. ಸತ್ತ ಕೋಶದ ಪೊರೆ ಹರಿದಿರುತ್ತದೆ, ಅಲ್ಲಿ ಬಣ್ಣ ನಿಲ್ಲದು. ಈ ಮುಸುಕಿನ ಉಪಾಯವನ್ನು 1981ರಲ್ಲಿ ತೋರಿಸಿಕೊಟ್ಟವರು ರೋಜರ್ ಚೆನ್.

37 ಡಿಗ್ರಿ ಬಿಸಿಯಲ್ಲಿ ಅರ್ಧ ಗಂಟೆ ಇಟ್ಟ ತಟ್ಟೆಯನ್ನು ಕತ್ತಲೆ ಕೋಣೆಯಲ್ಲಿ ಸೂಕ್ಷ್ಮದರ್ಶಕದಡಿ ಇಟ್ಟಾಗ, ಒಂದೊಂದು ಕೋಶವೂ ಅದರ ಚಾಚಿದ ತುದಿಗಳ ಸಮೇತ ಹಸಿರಾಗಿ ಮೂಡುತ್ತದೆ. ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ. ಮೊದಲ ಸಲ ಮಾತ್ರ ತಟ್ಟೆಗೆ ತಟ್ಟೆಯೇ ಮಂಜು ಕವಿದಂತೆ ಹಸಿರಾಗಿತ್ತು. ಕೋಶಗಳ ಆಹಾರದ್ರವದಲ್ಲಿ ಸೀರಮ್, ಅಂದರೆ ರಕ್ತದ ತಿಳಿದ್ರವ, ಉಳಿದಿತ್ತು. ಅದರಲ್ಲೂ ಎಸ್ಟರೇಸ್ ಇರುವುದರಿಂದ ಮುಸುಕು ಹೊರಗೇ ಕಳಚಿತ್ತು. ಅಂದಿನಿಂದ ಬಣ್ಣ ಹಾಕುವ ಮುನ್ನ ತಪ್ಪದೆ ತೊಳೆಯುತ್ತೇನೆ.

ಎಲ್ಲ ಕೇಳಿದ ದೊಡ್ಡಪ್ಪ, "ಹಾಜರಿ ಪುಸ್ತಕದಲ್ಲಿ ಹೆಸರಿದ್ದರೆ ಸಾಲದು, ಅಡುಗೆಮನೆಯಲ್ಲಿ ಕೈ ಆಡಬೇಕು ಅನ್ನು" ಎಂದರು. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಕಿಣ್ವ ಇದೆ ಎಂಬುದಕ್ಕಿಂತ ಅದು ಕೆಲಸ ಮಾಡುತ್ತಿದೆ ಎಂಬುದನ್ನೇ ಈ ಬೆಳಕು ಸಾರುತ್ತದೆ. ಒಂದೇ ಕಿಣ್ವ ಒಂದರ ಹಿಂದೊಂದು ಮುಸುಕು ಕತ್ತರಿಸುತ್ತ ಹೋಗುವುದರಿಂದ ಬೆಳಕು ಗುಣಿಸುತ್ತ ಹೋಗುತ್ತದೆ.

ಮುಸುಕು ಬದಲಿಸಿದರೆ ಬೇರೆ ಕಿಣ್ವವನ್ನು ಹುಡುಕಬಹುದು. ಟೋಕಿಯೋದ ಯಾಸುತೆರು ಉರಾನೋ ಮತ್ತು ಸಂಗಡಿಗರು 2011ರಲ್ಲಿ ಇಂಥದೊಂದು ಬಣ್ಣವನ್ನು ಇಲಿಗಳ ಹೊಟ್ಟೆಯೊಳಗಿನ ಅಂಡಾಶಯ ಕ್ಯಾನ್ಸರಿನ ಮೇಲೆ ಸಿಂಪಡಿಸಿದಾಗ, ಸುಮಾರು ಒಂದು ನಿಮಿಷದಲ್ಲೇ ಪುಟ್ಟ ಗಂಟುಗಳು ಬೆಳಗತೊಡಗಿದವು. 2024ರಲ್ಲಿ ಅಮೆರಿಕದಲ್ಲಿ ಪೆಗ್ಯುಲಿಸಿಯಾನಿನ್ ಎಂಬ ಬಣ್ಣಕ್ಕೆ ಒಪ್ಪಿಗೆ ಸಿಕ್ಕಿತು. ಅದನ್ನು ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಗೆ ಮುನ್ನ ರಕ್ತನಾಳಕ್ಕೆ ಕೊಡುತ್ತಾರೆ. ಗಡ್ಡೆ ತೆಗೆದ ಜಾಗದಲ್ಲಿ ಉಳಿದದ್ದೇನಾದರೂ ಇದ್ದರೆ ಅಲ್ಲಿನ ಕಿಣ್ವಗಳು ಬಣ್ಣವನ್ನು ಕತ್ತರಿಸಿ ಬೆಳಗಿಸುತ್ತವೆ. ಬೆಳ್ಳಗಿರುವುದೆಲ್ಲ ಹಾಲಲ್ಲ, ಕೆಲವೊಮ್ಮೆ ಆರೋಗ್ಯವಂತ ಅಂಗಾಂಶವೂ ಬೆಳಗುತ್ತದೆ. ಹಾಗಾಗಿ ಬೆಳಗಿದ ಅಂಚನ್ನು ಇನ್ನಷ್ಟು ಕೆತ್ತಿ ತೆಗೆದ ಚೂರು, ಕೊನೆಗೆ ರೋಗಶಾಸ್ತ್ರಜ್ಞರ ಗಾಜಿನ ಪಟ್ಟಿಯ ಮೇಲೆ ಹೋಗಿ ಕೂರುತ್ತದೆ.