ಎರಡು ಬಿಟ್‌ಗೆ ಮೂವತ್ತೆರಡು ಬಿಟ್ ಕಾವಲು

ಫೋನಿನಲ್ಲಿ ಯಾರಿಗಾದರೂ ನಂಬರ್ ಹೇಳುವಾಗ ಗಮನಿಸಿದ್ದೀರಾ? ಲೈನ್ ಸ್ವಲ್ಪ ಗೊರಗೊರ ಅಂದರೆ ಸಾಕು, ಎಂಬತ್ತು, ತೊಂಬತ್ತು, ಒಂಬತ್ತು ಮೂರೂ ಒಂದೇ ಥರ ಕೇಳುತ್ತವೆ. ಆಗ ನಾವು "ಎಂಬತ್ತು, ಎಂಟು ಸೊನ್ನೆ" ಅಂತ ಬಿಡಿಸಿ ಹೇಳುತ್ತೇವೆ. ಹೊಸ ವಿಷಯ ಏನೂ ಸೇರಲಿಲ್ಲ. ಆದರೆ ಕೇಳುವವರ ಕಿವಿಯಲ್ಲಿ ಎಂಬತ್ತಕ್ಕೂ ತೊಂಬತ್ತಕ್ಕೂ ಇದ್ದ ದೂರ ಜಾಸ್ತಿಯಾಯಿತು. ತಪ್ಪು ತಿದ್ದುವ ಸಂಕೇತಗಳ ಗುಟ್ಟು ಈ ದೂರದಲ್ಲೇ ಇದೆ. ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಅದನ್ನು ಎಣಿಸುವ ದಾರಿ ತೋರಿಸಿದರು. ಎರಡು ಸಂಕೇತಗಳನ್ನು ಒಂದರ ಕೆಳಗೊಂದು ಬರೆಯಿರಿ. ಎಷ್ಟು ಕಡೆ ಬೇರೆ ಇವೆಯೋ ಅಷ್ಟು ದೂರ.

ಮೊಬೈಲ್ ಟವರ್‌ನಿಂದ ನಮ್ಮ ಫೋನಿಗೆ ಬರುವುದು ಬರೀ ಮಾತು, ವಿಡಿಯೊ ಅಲ್ಲ. ಸೂಚನೆಗಳೂ ಬರುತ್ತವೆ. ನಿನ್ನ ಡೇಟಾ ಇಂಥ ಕಡೆ ಇದೆ, ಹೀಗೆ ಬಿಡಿಸಿಕೋ, ಈಗ ನೀನು ಕಳಿಸು, ಹೀಗೆ. ಇವೇ ಕಂಟ್ರೋಲ್ ಸಿಗ್ನಲ್‌ಗಳು. ಡೇಟಾ ಕೆಟ್ಟರೆ ಫೋನ್ ಇನ್ನೊಮ್ಮೆ ಕೇಳಿ ತರಿಸಿಕೊಳ್ಳುತ್ತದೆ. ಹಾಗಾಗಿ ಮೊದಲ ಸಲಕ್ಕೆ ನೂರರಲ್ಲಿ ಹತ್ತು ಕೆಟ್ಟರೂ ನಡೆಯುತ್ತದೆ ಅಂತಲೇ ಎಂಜಿನಿಯರ್‌ಗಳು ಲೆಕ್ಕ ಹಾಕುತ್ತಾರೆ. ಸೂಚನೆ ಕೆಟ್ಟರೆ? ತನಗೆ ಏನೋ ಬಂದಿತ್ತು ಅನ್ನುವುದೇ ಫೋನಿಗೆ ಗೊತ್ತಾಗುವುದಿಲ್ಲ. ಇನ್ನು ಏನಂತ ಕೇಳುತ್ತದೆ, ಅಲ್ವಾ? ಅದಕ್ಕೇ ಇಲ್ಲಿ ನೂರಕ್ಕೆ ಒಂದು ತಪ್ಪು ದಾಟಬಾರದು ಅನ್ನುವ ಗುರಿ.

4ಜಿಯ ಒಂದು ಪುಟ್ಟ ಸೂಚನೆಯನ್ನು ಹತ್ತಿರದಿಂದ ನೋಡೋಣ. ಪ್ರತಿ ಮಿಲಿಸೆಕೆಂಡಿನ ಶುರುವಿನಲ್ಲಿ ಒಂದಷ್ಟು ಹೊತ್ತು ಸೂಚನೆಗಳಿಗೇ ಮೀಸಲು. ಎಷ್ಟು ಹೊತ್ತು ಅನ್ನುವುದನ್ನು ಟವರ್ ಮೊದಲೇ ಸಾರುತ್ತದೆ. ಉತ್ತರ ಸಾಮಾನ್ಯವಾಗಿ 1, 2 ಅಥವಾ 3 ಪುಟ್ಟ ಕಾಲತುಣುಕು. ಹೇಳಲು ಎರಡು ಬಿಟ್, ಅಂದರೆ 0 ಅಥವಾ 1 ಆಗಿರುವ ಎರಡು ಅಂಕೆ ಸಾಕು: 01, 10, 11. ಆದರೆ ಟವರ್ ಕಳಿಸುವುದು 32 ಬಿಟ್!

ಹೇಗೆ ಅಂದರೆ, ಮೊದಲು ಮೂರನೆಯ ಬಿಟ್ ಸೇರುತ್ತದೆ. ಮೊದಲೆರಡು ಬೇರೆ ಬೇರೆ ಇದ್ದರೆ 1, ಒಂದೇ ಆಗಿದ್ದರೆ 0. ಈಗ ಸಿಕ್ಕಿದ್ದು 011, 101, 110. ಯಾವ ಎರಡನ್ನು ಬೇಕಾದರೂ ಹೋಲಿಸಿ ನೋಡಿ, ಸರಿಯಾಗಿ ಎರಡು ಕಡೆ ಬೇರೆ. ಇದನ್ನೇ ಹತ್ತು ಸಲ ಸಾಲಾಗಿ ಬರೆದು, ಕೊನೆಗೆ ಮೊದಲೆರಡು ಬಿಟ್ ಇನ್ನೊಮ್ಮೆ ಹಾಕಿದರೆ 32 ಆಯಿತು. ಈಗ ಯಾವ ಎರಡು ಸಾಲು ತೆಗೆದುಕೊಂಡರೂ ಕಡಿಮೆ ಅಂದರೆ 21 ಕಡೆ ಬೇರೆ. ದಾರಿಯಲ್ಲಿ 10 ಬಿಟ್ ತಿರುಗುಮುರುಗಾದರೂ ಬಂದ ಸಾಲು ಸರಿಯಾದ ಉತ್ತರಕ್ಕೇ ಹತ್ತಿರ ಇರುತ್ತದೆ. ಅಷ್ಟಕ್ಕೇ ಬಿಡುವುದಿಲ್ಲ. 32 ಬಿಟ್‌ಗಳನ್ನು ನಾಲ್ಕು ಪಾಲು ಮಾಡಿ ಬೇರೆ ಬೇರೆ ತರಂಗಾಂತರಗಳಲ್ಲಿ ಹರಡುತ್ತಾರೆ, ಒಂದು ಕಡೆ ಸಿಗ್ನಲ್ ಕುಸಿದರೂ ಮಿಕ್ಕವು ಉಳಿಯಲಿ ಅಂತ. ಒಂದನೇ ಕ್ಲಾಸಿನ ಮಗುವೂ ಬರೆಯಬಹುದಾದ ಸಾಲು ಇದು. ನನಗಂತೂ ಇದರಷ್ಟು ಚೆಂದದ ಸಂಕೇತ ಇನ್ನೊಂದಿಲ್ಲ.

5ಜಿಯಲ್ಲಿ ಫೋನ್ ಟವರ್‌ಗೆ ಕಳಿಸುವ ಪುಟ್ಟ ಸಂದೇಶಗಳಿಗೂ ಇಂಥದೇ ಕಾವಲು. ಎರಡು ಬಿಟ್ ಇದ್ದರೆ ಇದೇ ಮೂರನೆಯ ಬಿಟ್‌ನ ಉಪಾಯ. 3ರಿಂದ 11 ಬಿಟ್ ಇದ್ದರೆ ರೀಡ್-ಮುಲ್ಲರ್ ಕುಟುಂಬದ 32 ಬಿಟ್ ಸಂಕೇತ. ಈ ಕುಟುಂಬದ ಹಿರಿಯಣ್ಣ ಮಂಗಳ ಗ್ರಹದವರೆಗೂ ಹೋಗಿ ಬಂದವನು. 1971ರಲ್ಲಿ ಮಂಗಳವನ್ನು ತಲುಪಿದ ಮ್ಯಾರಿನರ್ 9 ನೌಕೆ ಚಿತ್ರದ ಪ್ರತಿ ಚುಕ್ಕಿಗೂ 64 ಬೂದು ಛಾಯೆಗಳಲ್ಲಿ ಒಂದನ್ನು ಆರಿಸಿ, ಆ 6 ಬಿಟ್‌ಗಳನ್ನು 32 ಮಾಡಿ ಭೂಮಿಗೆ ಕಳಿಸಿತು. ಅದರಲ್ಲಿ 7 ಕೆಟ್ಟರೂ ತಿದ್ದಿಕೊಳ್ಳಬಹುದಿತ್ತು.

ಸೂಚನೆ ಕೇಳದೇ ಹೋಗುವುದು ಒಂದು ಕಷ್ಟ. ಯಾರೂ ಹೇಳದ ಸೂಚನೆ ಕೇಳಿಸುವುದು ಇನ್ನೊಂದು. 4ಜಿ ಫೋನಿಗೆ ತನ್ನ ಸೂಚನೆ ಎಲ್ಲಿದೆ ಅಂತ ಯಾರೂ ಹೇಳುವುದಿಲ್ಲ. ಮಿಲಿಸೆಕೆಂಡಿಗೆ 44 ಸಲದವರೆಗೆ ಬೇರೆ ಬೇರೆ ಕಡೆ ಬಿಡಿಸಿ ನೋಡುತ್ತದೆ. ಪ್ರತಿ ಸೂಚನೆಯ ಬಾಲದಲ್ಲಿ 16 ಪರೀಕ್ಷಾ ಬಿಟ್‌ಗಳಿರುತ್ತವೆ, ಫೋನಿಗೆ ಟವರ್ ಕೊಟ್ಟ ತಾತ್ಕಾಲಿಕ ನಂಬರ್ ಅದರಲ್ಲೇ ಬೆರೆತಿರುತ್ತದೆ. ಬರೀ ಗದ್ದಲ ಈ ಪರೀಕ್ಷೆ ಪಾಸಾಗುವ ಸಾಧ್ಯತೆ 65,536ಕ್ಕೆ ಒಂದು. ಸಾಕಲ್ಲ ಅನ್ನಿಸುತ್ತದೆ. ಆದರೆ ಸೆಕೆಂಡಿಗೆ 44,000 ಪ್ರಯತ್ನ! ಅಂದರೆ ಗದ್ದಲವನ್ನೇ ಕೇಳುತ್ತಾ ಕೂತರೆ ಸುಮಾರು ಒಂದೂವರೆ ಸೆಕೆಂಡಿಗೊಂದು ಸುಳ್ಳು ಸೂಚನೆ. ಒಳಗಿನ ವಿವರಗಳಿಗೆ ಅರ್ಥ ಇದೆಯೇ ಅಂತ ನೋಡಿ ಫೋನ್ ಅವುಗಳನ್ನು ಬಿಸಾಡಬೇಕು. 5ಜಿಯಲ್ಲಿ ಪರೀಕ್ಷಾ ಬಿಟ್ 24 ಆದವು. ಅದರಲ್ಲಿ ಮೂರು ಬಿಟ್‌ನಷ್ಟು ಬಿಡಿಸುವ ಕೆಲಸಕ್ಕೇ ಖರ್ಚಾದರೂ, ಉಳಿದದ್ದರಿಂದ ಸುಳ್ಳಿನ ಸಾಧ್ಯತೆ ಸುಮಾರು 21 ಲಕ್ಷಕ್ಕೆ ಒಂದಕ್ಕೆ ಇಳಿಯಿತು.

ದೊಡ್ಡ ಸೂಚನೆಗಳಿಗೆ 5ಜಿ ಬಳಸುವುದು ಪೋಲಾರ್ ಸಂಕೇತ. ಟರ್ಕಿಯ ಅಂಕಾರಾದ ಬಿಲ್ಕೆಂಟ್ ವಿಶ್ವವಿದ್ಯಾಲಯದ ಎರ್ದಾಲ್ ಅರಿಕಾನ್ 2009ರಲ್ಲಿ ಪ್ರಕಟಿಸಿದ್ದು. ಬಿಟ್‌ಗಳನ್ನು ಒಂದರೊಳಗೊಂದು ಬೆರೆಸುತ್ತಾ ಹೋದರೆ ಕೆಲವು ಜಾಗಗಳು ತುಂಬಾ ಭದ್ರವಾಗುತ್ತವೆ, ಕೆಲವು ಪೂರ್ತಿ ಕೆಡುತ್ತವೆ. ಭದ್ರವಾದ ಕಡೆ ಸಂದೇಶ ಇಟ್ಟು, ಕೆಟ್ಟ ಕಡೆ ಇಬ್ಬರಿಗೂ ಮೊದಲೇ ಗೊತ್ತಿರುವ ಸೊನ್ನೆ ತುಂಬಿದರೆ ಆಯಿತು. 2016ರ ನವೆಂಬರ್‌ನಲ್ಲಿ ಅಮೆರಿಕದ ರೀನೋ ನಗರದಲ್ಲಿ ನಡೆದ, ಮೊಬೈಲ್ ಜಾಲಗಳ ನಿಯಮ ರೂಪಿಸುವ 3ಜಿಪಿಪಿ ಕೂಟದ ಸಭೆಯಲ್ಲಿ ಸೂಚನೆಗಳಿಗೆ ಪೋಲಾರ್, ಡೇಟಾಗೆ ಎಲ್‌ಡಿಪಿಸಿ ಅಂತ ತೀರ್ಮಾನವಾಯಿತು. ಎಲ್‌ಡಿಪಿಸಿ ತಪ್ಪು ತಿದ್ದುವ ಇನ್ನೊಂದು ಸಂಕೇತ, ರಾಬರ್ಟ್ ಗ್ಯಾಲಗರ್ 1962ರಲ್ಲಿ ಪ್ರಕಟಿಸಿದ್ದು. ಎಂಐಟಿಯಲ್ಲಿ ಅರಿಕಾನ್ ಪಿಎಚ್‌ಡಿ ಮಾಡಿದ್ದು ಇದೇ ಗ್ಯಾಲಗರ್ ಕೈಕೆಳಗೆ. ಇವತ್ತು ಒಂದೇ ಫೋನಿನಲ್ಲಿ ಗುರುವಿನ ಸಂಕೇತವೂ ಶಿಷ್ಯನ ಸಂಕೇತವೂ ಜೊತೆಗೇ ಓಡುತ್ತವೆ.

ಇನ್ನು ಎಲ್ಲಕ್ಕಿಂತ ಚಿಕ್ಕ ಸೂಚನೆ, ಒಂದೇ ಬಿಟ್. ಡೇಟಾ ಬಂದ ಮೇಲೆ ಫೋನ್ ಟವರ್‌ಗೆ "ಸಿಕ್ಕಿತು" ಅಥವಾ "ಸಿಗಲಿಲ್ಲ" ಅನ್ನುತ್ತದೆ. "ಸಿಕ್ಕಿತು" ಅಂದದ್ದು "ಸಿಗಲಿಲ್ಲ" ಅಂತ ಕೇಳಿಸಿದರೆ ಟವರ್ ಸುಮ್ನೆ ಇನ್ನೊಮ್ಮೆ ಕಳಿಸುತ್ತದೆ, ಅಷ್ಟೇ. ಉಲ್ಟಾ ಆದರೆ ಕಷ್ಟ. ಸಿಗದೇ ಇದ್ದದ್ದು ಸಿಕ್ಕಿದೆ ಅಂದುಕೊಂಡು ಟವರ್ ಮುಂದಿನದಕ್ಕೆ ಹೋಗಿಬಿಡುತ್ತದೆ. ಆ ತುಣುಕು ಕಾಣೆಯಾದದ್ದು ಮೇಲಿನ ಹಂತದಲ್ಲಿ ತಡವಾಗಿ ಗೊತ್ತಾಗುತ್ತದೆ, ಅಷ್ಟರಲ್ಲಿ ವಿಡಿಯೊ ನಿಂತಿರುತ್ತದೆ. ಹಾಗಾಗಿ 4ಜಿ ನಿಯಮಗಳಲ್ಲಿ "ಸಿಕ್ಕಿತು" ನೂರರಲ್ಲಿ ಒಂದು ಸಲ ಕೇಳದೇ ಹೋದರೆ ಅಡ್ಡಿಯಿಲ್ಲ. "ಸಿಗಲಿಲ್ಲ" ಮಾತ್ರ ಸಾವಿರದಲ್ಲಿ ಒಂದಕ್ಕಿಂತ ಜಾಸ್ತಿ ಸಲ "ಸಿಕ್ಕಿತು" ಅಂತ ಕೇಳಿಸಬಾರದು.