ರಿಪೋರ್ಟೆಲ್ಲ ಸರಿ ಇದೆ, ಆದರೂ ಎದೆ ಯಾಕೆ ಬಿಗಿಯುತ್ತದೆ?

ಪ್ರಶ್ನೆ: ನನಗೆ 46 ವರ್ಷ. ತೀರ್ಥಹಳ್ಳಿ ತಾಲೂಕಿನ ಒಂದು ಹಳ್ಳಿಯವಳು. ಎರಡು ವರ್ಷದಿಂದ ಆಗಾಗ ಎದೆ ಬಿಗಿಯುತ್ತದೆ, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಾಗುತ್ತದೆ, ಬೆರಳ ತುದಿ ಜುಮುಗುಟ್ಟುತ್ತದೆ. ಬೆಳಗಿನ ಜಾವ ಮೂರು ಗಂಟೆಗೆ ಎದೆ ಹೊಡೆದುಕೊಂಡು ಎಚ್ಚರವಾಗುತ್ತದೆ. ಶಿವಮೊಗ್ಗದಲ್ಲಿ ತೋರಿಸಿದೆ, ಘಟ್ಟ ಇಳಿದು ಹೋಗಿಯೂ ತೋರಿಸಿದೆ. ಇಸಿಜಿ ನಾಲ್ಕು ಸಲ, ಎಕೋ, ಟಿಎಂಟಿ, ಎಂಡೋಸ್ಕೋಪಿ, ಥೈರಾಯ್ಡ್, ಎಲ್ಲವೂ ನಾರ್ಮಲ್. ಡಾಕ್ಟರು ‘ಏನೂ ಇಲ್ಲ, ಟೆನ್ಷನ್ ಮಾಡಿಕೊಳ್ಳಬೇಡಿ’ ಎನ್ನುತ್ತಾರೆ. ಮನೆಯಲ್ಲಿ ಈಗ ಯಾರೂ ನಂಬುವುದಿಲ್ಲ. ಏನೂ ಇಲ್ಲದಿದ್ದರೆ ನೋವು ಎಲ್ಲಿಂದ ಬರುತ್ತದೆ? ಬೆಂಗಳೂರಿನಲ್ಲಿರುವ ಮಗನಿಗೆ ಇದನ್ನೆಲ್ಲ ಹೇಳಿಲ್ಲ. ಹೇಳಬೇಕೇ?

ಉತ್ತರ: ಈ ಪ್ರಶ್ನೆ ನನಗೆ ಹೊಸದಲ್ಲ. ಹೆಸರು, ಊರು ಬೇರೆಯಾಗಿ ತಿಂಗಳಿಗೆ ಹತ್ತಾರು ಸಲ ಕೇಳುತ್ತೇನೆ. ಕೇಳುವವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು, ಅದರೊಳಗೆ ಗೇಣು ದಪ್ಪದ ಫೈಲು. ವೈದ್ಯಕೀಯ ವೃತ್ತಿಯ ಮೊದಲ ವರ್ಷಗಳಲ್ಲಿ ನಾನೂ ಆ ಫೈಲನ್ನು ಮಗುಚಿ ನೋಡಿ ‘ಏನೂ ಇಲ್ಲಮ್ಮ, ಆರಾಮವಾಗಿ ಹೋಗಿ’ ಎಂದು ಕಳಿಸಿದ್ದೇನೆ. ಧೈರ್ಯ ಹೇಳಿದೆ ಎಂದೇ ಆಗ ಅಂದುಕೊಂಡಿದ್ದೆ. ಹಾಗೆ ಹೋದವರು ಆರಾಮವಾಗಲಿಲ್ಲ. ಇನ್ನೊಬ್ಬ ಡಾಕ್ಟರ ಬಳಿಗೆ ಹೋದರು. ಆ ಮಾತು ಹೇಳಿಸಿಕೊಂಡ ಎಲ್ಲರಲ್ಲೂ ನಾನು ಇಂದಿಗೂ ಕ್ಷಮೆ ಕೇಳಬೇಕಾಗಿದೆ. ಏಕೆಂದರೆ ‘ಏನೂ ಇಲ್ಲ’ ಎಂಬುದು ಅರ್ಧ ಉತ್ತರ. ಉಳಿದರ್ಧವನ್ನು ಹೇಳುವುದು ವೈದ್ಯರ ಹೊಣೆ, ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಿಮ್ಮ ಕಡೆಯ ಒಂಟಿ ಮನೆಗಳ ಅಂಗಳಕ್ಕೆ ಚಿರತೆ ಒಮ್ಮೆ ಬಂದುಹೋದರೆ ಆಮೇಲೆ ಆ ಮನೆಯ ನಾಯಿ ಹೇಗಾಗುತ್ತದೆ ಎಂಬುದು ನಿಮಗೆ ಗೊತ್ತು. ತೋಟದಲ್ಲಿ ಅಡಿಕೆ ಸೋಗೆ ಬಿದ್ದರೂ ಬೊಗಳುತ್ತದೆ, ಅಡಿಕೆ ಹಾಳೆ ಜಾರಿದರೂ ಬೊಗಳುತ್ತದೆ. ಅಂಗಳದಲ್ಲಿ ಚಿರತೆ ಇಲ್ಲ, ನಿಜ. ಆದರೆ ಬೊಗಳುವುದು ಸುಳ್ಳಲ್ಲ; ಇಡೀ ಮನೆಗೆ ಕೇಳಿಸುತ್ತಿದೆ, ನಿದ್ದೆ ಕೆಡಿಸುತ್ತಿದೆ. ಇಸಿಜಿ, ಎಕೋ ಹುಡುಕುವುದು ಚಿರತೆಯನ್ನು. ನಾಯಿ ಯಾಕೆ ಇಷ್ಟು ಬೊಗಳುತ್ತಿದೆ ಎಂಬುದು ಆ ಯಂತ್ರಗಳಿಗೆ ಕಾಣುವುದಿಲ್ಲ. ನಿಮ್ಮ ಹೃದಯ, ಜಠರ, ಗಂಟಲು ಗಟ್ಟಿಯಾಗಿವೆ. ದಣಿದಿರುವುದು ಅವುಗಳನ್ನೆಲ್ಲ ಕಾಯುವ ಎಚ್ಚರಿಕೆಯ ವ್ಯವಸ್ಥೆ. ಅದೂ ನಿಮ್ಮ ದೇಹದ್ದೇ ಭಾಗ, ನರ ಮತ್ತು ರಸಗಳಿಂದ ಆದದ್ದು. ಹಾಗಾಗಿ ನಿಮ್ಮ ನೋವು ಭ್ರಮೆಯಲ್ಲ, ನಾಟಕವಂತೂ ಖಂಡಿತ ಅಲ್ಲ.

ಅಪಾಯ ಎದುರಾದಾಗ ದೇಹ ಕಾದಾಡಲು ಅಥವಾ ಓಡಲು ಅಣಿಯಾಗುತ್ತದೆ ಎಂಬುದನ್ನು ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಲ್ಲೇ ವಿವರಿಸಿದ್ದರು. ಮೂತ್ರಪಿಂಡದ ಮೇಲೆ ಟೋಪಿಯಂತೆ ಕುಳಿತಿರುವ ಗ್ರಂಥಿಯಿಂದ ಅಡ್ರಿನಲಿನ್ ಹೊರಡುತ್ತದೆ, ಎದೆಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಕರುಳಿನ ಕೆಲಸ ಅಸ್ತವ್ಯಸ್ತವಾಗುತ್ತದೆ. ಚಿರತೆಯಾದರೆ ಹತ್ತು ನಿಮಿಷದಲ್ಲಿ ಹೋಗುತ್ತದೆ, ದೇಹವೂ ತಣ್ಣಗಾಗುತ್ತದೆ. ತೋಟಕ್ಕೆ ಎಲೆಚುಕ್ಕೆ ರೋಗ ಬಿದ್ದರೆ, ಸೊಸೈಟಿಯ ಸಾಲ ಕಂತು ಮೀರಿದರೆ, ಹಾಸಿಗೆ ಹಿಡಿದ ಅತ್ತೆಯನ್ನು ಒಬ್ಬರೇ ಎತ್ತಿ ಕೂರಿಸಬೇಕಾದರೆ ಅದು ಹತ್ತು ನಿಮಿಷದ ಮಾತಲ್ಲ. ದೇಹ ವರ್ಷಗಟ್ಟಲೆ ಓಡಲು ಸಿದ್ಧವಾಗಿಯೇ ನಿಂತಿರುತ್ತದೆ, ಎಲ್ಲಿಗೂ ಓಡುವುದಿಲ್ಲ. ನಿಮ್ಮ ಮನೆಯಲ್ಲಿ ಯಾವ ಚಿಂತೆ ಇದೆಯೋ ನೀವು ಬರೆದಿಲ್ಲ. ಇಂಥದೇ ಒಂದು ಇರಬಹುದು, ಇಲ್ಲದೆಯೂ ಇರಬಹುದು. ಕೆಲವರಲ್ಲಿ ಈ ವ್ಯವಸ್ಥೆ ಹುಟ್ಟಿನಿಂದಲೇ ಸ್ವಲ್ಪ ಚುರುಕು.

ನಮ್ಮ ಭಾಷೆಗೆ ಇದೆಲ್ಲ ಮೊದಲೇ ಗೊತ್ತಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಎದೆ ಝಲ್ಲೆಂದಿತು, ಗಂಟಲು ಕಟ್ಟಿತು, ಹೊಟ್ಟೆ ತೊಳಸಿತು, ಕೈಕಾಲು ತಣ್ಣಗಾಯಿತು, ಜಂಘಾಬಲ ಉಡುಗಿತು, ಕರುಳು ಚುರುಕ್ಕೆಂದಿತು. ಇವನ್ನು ನಾವು ಅಲಂಕಾರದ ಮಾತು ಎಂದುಕೊಳ್ಳುತ್ತೇವೆ. ನಾನಾದರೋ ಇವನ್ನು ಹಾಗೆ ಹಾಗೇ ರೋಗಿಯ ಕೇಸ್ ಶೀಟಿನಲ್ಲಿ ಬರೆದುಕೊಳ್ಳುತ್ತೇನೆ. ಕೈಕಾಲು ತಣ್ಣಗಾಗುವುದು ಎಂದರೆ ಚರ್ಮದ ರಕ್ತನಾಳಗಳು ಕುಗ್ಗಿ ರಕ್ತ ದೊಡ್ಡ ಸ್ನಾಯುಗಳತ್ತ ಹರಿಯುವುದು. ಕರುಳಿನ ಗೋಡೆಯಲ್ಲಿ 10 ಕೋಟಿಗೂ ಮಿಕ್ಕಿ ನರಕೋಶಗಳಿವೆ, ಮಿದುಳಿನ ಜೊತೆ ಅವುಗಳ ಮಾತುಕತೆ ಹಗಲೂ ರಾತ್ರಿ ನಡೆಯುತ್ತದೆ. ದುಃಖದ ಸುದ್ದಿ ಕೇಳಿದಾಗ ಕರುಳು ಚುರುಕ್ಕೆನ್ನದೆ ಇನ್ನೇನು ಮಾಡೀತು?

ಈಗ ನಿಮ್ಮ ಬೆರಳಿನ ಜುಮುಗುಡುವಿಕೆಗೆ ಬರುತ್ತೇನೆ. ಜನರನ್ನು ಅತಿ ಹೆಚ್ಚು ಹೆದರಿಸುವುದು ಅದೇ. ಲಕ್ವ ಹೊಡೆಯುತ್ತಿದೆ ಎಂದುಕೊಳ್ಳುತ್ತಾರೆ. ಆತಂಕವಾದಾಗ ಉಸಿರು ಎದೆಯ ಮೇಲ್ಭಾಗದಲ್ಲೇ ಬೇಗ ಬೇಗ ಆಡುತ್ತದೆ. ಆರೋಗ್ಯವಂತರು ಸುಮ್ಮನೆ ಕುಳಿತಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಅದು ಮೀರಿದರೆ, ಅಥವಾ ನಡುನಡುವೆ ದೊಡ್ಡ ನಿಟ್ಟುಸಿರು ಬಿಡುತ್ತಲೇ ಇದ್ದರೆ, ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಅಗತ್ಯಕ್ಕಿಂತ ಹೆಚ್ಚು ಹೊರಗೆ ಹೋಗುತ್ತದೆ. ರಕ್ತದ ಆಮ್ಲ-ಕ್ಷಾರಗಳ ಸಮತೋಲ ತುಸು ಕ್ಷಾರದ ಕಡೆಗೆ ವಾಲುತ್ತದೆ. ಆಗ ನರಗಳಿಗೆ ಒದಗುವ ಕ್ಯಾಲ್ಸಿಯಂ ಸ್ವಲ್ಪ ಹೊತ್ತು ಕಡಿಮೆಯಾಗಿ ಬೆರಳು, ತುಟಿಯ ಸುತ್ತ ಜುಮ್ಮೆನ್ನುತ್ತದೆ. ಕೆಲವೊಮ್ಮೆ ಬೆರಳುಗಳು ಸೆಟೆದುಕೊಳ್ಳುವುದೂ ಉಂಟು. ಮಿದುಳಿನ ರಕ್ತನಾಳಗಳು ಕೊಂಚ ಕುಗ್ಗಿ ತಲೆ ಹಗುರವೆನಿಸುತ್ತದೆ. ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಬಿಡುವಿಲ್ಲದೆ ದುಡಿದು ಎದೆ ಬಿಗಿಯುತ್ತದೆ. ಎಲ್ಲಕ್ಕಿಂತ ಕ್ರೂರವಾದದ್ದು ಇದು: ಆಮ್ಲಜನಕ ತುಂಬಿದ್ದರೂ ‘ಉಸಿರು ಸಾಲುತ್ತಿಲ್ಲ’ ಎನಿಸುತ್ತದೆ. ಅದಕ್ಕೇ ಇನ್ನೂ ಜೋರಾಗಿ ಉಸಿರೆಳೆಯುತ್ತೀರಿ, ಜುಮುಗುಡುವುದು ಇನ್ನೂ ಹೆಚ್ಚುತ್ತದೆ. ಇಂಥ ಗಾಬರಿಯ ಹೊಡೆತ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ, ಅರ್ಧ ಗಂಟೆಯ ಸುಮಾರಿಗೆ ಇಳಿಯುತ್ತದೆ. ಇಳಿದೇ ಇಳಿಯುತ್ತದೆ ಎಂದು ತಿಳಿದಿರುವುದೇ ಅರ್ಧ ಮದ್ದು.

ಗಂಟಲಿನದೂ ಇದೇ ಜಾತಿ. ಒಂದು ಪರೀಕ್ಷೆ ನೀವೇ ಮಾಡಿಕೊಳ್ಳಬಹುದು: ಬರೀ ಉಗುಳು ನುಂಗುವಾಗ ಸಿಕ್ಕಿಕೊಂಡಂತಾಗಿ, ಅನ್ನ ಸಾರು ಸಲೀಸಾಗಿ ಇಳಿದರೆ ಅದು ಹೆಚ್ಚಾಗಿ ಗಂಟಲ ಸ್ನಾಯುವಿನ ಬಿಗಿತ. ಅನ್ನವೇ ಇಳಿಯದಿದ್ದರೆ ಮಾತು ಬೇರೆ, ತೋರಿಸಲೇಬೇಕು. ಬೆಳಗಿನ ಜಾವದ ಎಚ್ಚರಕ್ಕೂ ಕಾರಣವಿದೆ. ರಾತ್ರಿಯ ಕೊನೆಯ ಪಾಲಿನಲ್ಲಿ ನಿದ್ದೆ ತೆಳುವಾಗಿರುತ್ತದೆ, ಕಾರ್ಟಿಸಾಲ್ ಎಂಬ ಹಾರ್ಮೋನು ಬೆಳಗಿನ ತಯಾರಿಗೆಂದು ಏರತೊಡಗುತ್ತದೆ.

1871ರಲ್ಲಿ ಜೇಕಬ್ ಡ ಕೋಸ್ಟಾ ಎಂಬ ವೈದ್ಯರು ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಇಂಥದೇ ಎದೆನೋವು, ಎದೆಬಡಿತ ಕಂಡು ಬರೆದಿಟ್ಟರು. ಹೃದಯದಲ್ಲಿ ದೋಷ ಕಾಣದ ಗಟ್ಟಿ ಗಂಡಸರು ಅವರು. ‘ಹೆಂಗಸರ ಮನಸ್ಸು, ಸೂಕ್ಷ್ಮ’ ಎಂದು ನಿಮ್ಮ ಮನೆಯಲ್ಲಿ ಯಾರಾದರೂ ಅಂದರೆ ಇದನ್ನು ಹೇಳಿ.

ಆದರೆ ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟುವುದೂ ತಪ್ಪು. ಚಿರತೆ ನಿಜವಾಗಿ ಬರುವ ದಿನವೂ ಇರುತ್ತದೆ. ತೋಟದ ದಿಬ್ಬ ಹತ್ತುವಾಗ ಎದೆ ಹಿಡಿದು, ನಿಂತರೆ ಬಿಡುವುದು, ನೋವು ದವಡೆಗೋ ಎಡತೋಳಿಗೋ ಹರಡಿ ಬೆವರು ಕಿತ್ತುಕೊಂಡು ಬರುವುದು, ಎಚ್ಚರ ತಪ್ಪುವುದು, ಮೈಯ ಒಂದೇ ಕಡೆ ಬಲ ಕುಂದುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಮಲದಲ್ಲಿ ರಕ್ತ. ಇವನ್ನು ಆತಂಕ ಎಂದು ತಳ್ಳಿಹಾಕಬಾರದು. ಮೊದಲ ನಾಲ್ಕಕ್ಕೆ 108 ಕರೆಯಬೇಕು, ಉಳಿದ ಎರಡಕ್ಕೆ ತಡಮಾಡದೆ ವೈದ್ಯರನ್ನು ಕಾಣಬೇಕು. ಸಕ್ಕರೆ ಕಾಯಿಲೆ ಇರುವವರಲ್ಲಿ, ಮಹಿಳೆಯರಲ್ಲಿ ಹೃದಯಾಘಾತ ಬರೀ ಸುಸ್ತು, ಏದುಸಿರು, ಹೊಟ್ಟೆ ತೊಳಸುವ ರೂಪದಲ್ಲಿ ಬರುವುದೂ ಇದೆ. ಜ್ವರವಂತೂ ಎಂದೂ ಆತಂಕದ ಲಕ್ಷಣವಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ ಇಂದಿಗೂ ನಮ್ಮ ಬೆನ್ನು ಬಿಟ್ಟಿಲ್ಲ. ಬೇಸಿಗೆಯ ತಿಂಗಳುಗಳಲ್ಲಿ ಕಾಡಿಗೆ ಹೋಗಿಬಂದವರಿಗೆ ಜ್ವರ, ಮೈಕೈ ನೋವು ಬಂದರೆ ಅದೇ ದಿನ ರಕ್ತ ಪರೀಕ್ಷೆ ಆಗಬೇಕು. ಹಿಮೋಗ್ಲೋಬಿನ್ ಮತ್ತು ಬಿ12 ನಿಮ್ಮ ಪಟ್ಟಿಯಲ್ಲಿ ಇಲ್ಲ. ಅವೆರಡನ್ನು ಒಮ್ಮೆ ಮಾಡಿಸಿ. ಸಸ್ಯಾಹಾರಿಗಳಾಗಿದ್ದರೆ ಬಿ12 ಕೊರತೆಯಿಂದಲೂ ಬೆರಳು ಜುಮುಗುಡಬಹುದು.

ಅಷ್ಟಕ್ಕೆ ಪರೀಕ್ಷೆ ನಿಲ್ಲಿಸಿ. ಇದನ್ನು ನಾನು ಬಹಳ ಯೋಚಿಸಿ ಬರೆಯುತ್ತಿದ್ದೇನೆ. ನಾಯಿ ಬೊಗಳಿದಾಗಲೆಲ್ಲ ಬ್ಯಾಟರಿ ಹಿಡಿದು ಅಂಗಳಕ್ಕೆ ಓಡಿದರೆ, ಬೊಗಳಿದ್ದು ಸರಿ ಎಂದೇ ಅದು ಕಲಿಯುತ್ತದೆ. ಐದನೇ ಇಸಿಜಿಯಿಂದ ಸಿಗುವ ಸಮಾಧಾನ ತೀರ್ಥಹಳ್ಳಿ ಬಸ್ಸು ಹತ್ತುವವರೆಗೂ ಉಳಿಯುವುದಿಲ್ಲ. ಗಳಿಗೆಗೊಮ್ಮೆ ನಾಡಿ ಎಣಿಸುವುದು, ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸುವುದು, ಮೊಬೈಲಿನಲ್ಲಿ ರೋಗದ ಹೆಸರು ಹುಡುಕುವುದು, ಇವೂ ಅದೇ ಓಟ. ಒಬ್ಬರೇ ವೈದ್ಯರನ್ನು ಹಿಡಿದುಕೊಳ್ಳಿ. ನೋವು ಇರಲಿ ಇಲ್ಲದಿರಲಿ, ತಿಂಗಳಿಗೊಮ್ಮೆ ಗೊತ್ತಾದ ದಿನ ಹೋಗಿ ಬನ್ನಿ.

ಉಸಿರನ್ನು ಪಳಗಿಸುವುದಕ್ಕೆ ದುಡ್ಡು ಬೇಡ. ಜಗಲಿಯ ಮೇಲೆ ಕುಳಿತು, ಹೊಟ್ಟೆ ಉಬ್ಬುವಂತೆ ನಾಲ್ಕು ಎಣಿಸುತ್ತ ಮೂಗಿನಿಂದ ಉಸಿರು ತೆಗೆದುಕೊಳ್ಳಿ, ಆರು ಎಣಿಸುತ್ತ ಬಿಡಿ. ನಿಮಿಷಕ್ಕೆ ಆರು ಉಸಿರಾಯಿತು. ಹೊರಬಿಡುವ ಉಸಿರು ಉದ್ದವಾದಷ್ಟೂ ವೇಗಸ್ ಎಂಬ ನರ ಹೃದಯದ ಓಟಕ್ಕೆ ಕಡಿವಾಣ ಹಾಕುತ್ತದೆ. ಬೆಳಿಗ್ಗೆ ಸಂಜೆ ಐದೈದು ನಿಮಿಷ, ಆರಾಮವಿದ್ದಾಗಲೇ ಅಭ್ಯಾಸ ಮಾಡಬೇಕು. ಹೊಡೆತ ಬಂದಾಗ ಮಾತ್ರ ಮಾಡುತ್ತೇನೆ ಎಂದರೆ ಹೊಳೆಗೆ ಬಿದ್ದ ಮೇಲೆ ಈಜು ಕಲಿತ ಹಾಗಾಗುತ್ತದೆ. ಪ್ಲಾಸ್ಟಿಕ್ ಅಥವಾ ಕಾಗದದ ಚೀಲದೊಳಗೆ ಉಸಿರಾಡುವುದು ಬೇಡ, ಅಪಾಯವಿದೆ.

ಕಾಫಿ ಎಷ್ಟು ಲೋಟವಾಗುತ್ತದೆ ಎಂದು ಒಂದು ವಾರ ಎಣಿಸಿ. ಕವಳ, ಅಂದರೆ ಎಲೆಅಡಿಕೆ, ಹಾಕುವ ಅಭ್ಯಾಸವಿದ್ದರೆ ಅದನ್ನೂ. ಅಡಿಕೆ ಸೊಕ್ಕಿದಾಗ ಬೆವರಿ, ಎದೆ ಹೊಡೆದುಕೊಂಡು, ತಲೆ ತಿರುಗುವುದನ್ನು ಮಲೆನಾಡಿನವರಿಗೆ ನಾನು ವಿವರಿಸಬೇಕಾಗಿಲ್ಲ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕ ನರವ್ಯವಸ್ಥೆಯನ್ನೇ ಕೆರಳಿಸುತ್ತದೆ. ಅಡಿಕೆಯೇ ಅನ್ನ ಕೊಡುವ ಊರಿನಲ್ಲಿ ಈ ಮಾತು ಹೇಳುವುದು ಕಷ್ಟ, ಆದರೂ ಹೇಳಬೇಕು. ನಡಿಗೆ ಬಿಡಬೇಡಿ, ಮಳೆಗಾಲದಲ್ಲಿ ಅಂಗಳಕ್ಕೆ ಹಾಕಿದ ಚಪ್ಪರದಡಿಯಾದರೂ ಸರಿ. ನಡೆದು ಎದೆ ಹೊಡೆದುಕೊಂಡಾಗ, ಹೊಡೆದುಕೊಳ್ಳುವುದೆಲ್ಲ ಅಪಾಯವಲ್ಲ ಎಂದು ಮಿದುಳು ಮತ್ತೆ ಕಲಿಯುತ್ತದೆ.

ಇಷ್ಟಾದರೂ ಎರಡು ತಿಂಗಳಲ್ಲಿ ಹಗುರವಾಗದಿದ್ದರೆ ಮನೋವೈದ್ಯರನ್ನು ಕಾಣಿ. ಮನೋವೈದ್ಯ ಡಾ. ಅಶೋಕ್ ಪೈ ಶಿವಮೊಗ್ಗದಲ್ಲಿದ್ದುಕೊಂಡು ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದಲ್ಲಿ ಬರೆದು, ಮಾತಾಡಿ ಎಷ್ಟೋ ಮನೆಗಳ ಹಿಂಜರಿಕೆ ಕಳೆದರು. 2016ರಲ್ಲಿ ಅವರು ತೀರಿಕೊಂಡರು, ಹಿಂಜರಿಕೆ ಇನ್ನೂ ಪೂರ್ತಿ ಹೋಗಿಲ್ಲ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗೂ ಮಂಗಳವಾರ ಮನೋವೈದ್ಯರು ಬರುತ್ತಾರೆ. ನಿಮ್ಮಲ್ಲಿ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಬಸ್ಸು ಹತ್ತಲಾಗದಿದ್ದರೆ 14416ಕ್ಕೆ ಕರೆ ಮಾಡಿ. ಅದು 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ಹೊತ್ತಿನ ಮಿತಿ ಇಲ್ಲ, ಶುಲ್ಕವಿಲ್ಲ. ಬದುಕೇ ಬೇಡ ಎನಿಸಿದ ಕ್ಷಣವಿದ್ದರೆ ಎರಡು ತಿಂಗಳು ಕಾಯಬೇಡಿ, ಈಗಲೇ ಕರೆ ಮಾಡಿ.

ಮನೋವೈದ್ಯರು ಮಾತಿನ ಚಿಕಿತ್ಸೆ ಕೊಡಬಹುದು, ಮಾತ್ರೆಯನ್ನೂ ಬರೆಯಬಹುದು. ಆತಂಕಕ್ಕೆ ಈಗ ಸಾಮಾನ್ಯವಾಗಿ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳು ಚಟ ಹಿಡಿಸುವುದಿಲ್ಲ. ಪರಿಣಾಮ ಕಾಣಲು ಎರಡರಿಂದ ಆರು ವಾರ ಬೇಕು, ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಬಾರದು. ಚಟ ಹಿಡಿಸುವುದು ಆಲ್ಪ್ರಜೋಲಂನಂಥ ಮಾತ್ರೆ, ಪಕ್ಕದ ಮನೆಯವರು ‘ಇದೊಂದು ತಗೊಳ್ಳಿ, ಒಳ್ಳೆ ನಿದ್ದೆ ಬರುತ್ತದೆ’ ಎಂದು ಕೊಡುವಂಥದು. ಅದನ್ನು ತೆಗೆದುಕೊಳ್ಳಬೇಡಿ. ದೇವಸ್ಥಾನಕ್ಕೆ ಹೋಗುವುದು, ಹರಕೆ ಹೊರುವುದು ನಿಮಗೆ ಸಮಾಧಾನ ಕೊಡುತ್ತಿದ್ದರೆ ಧಾರಾಳವಾಗಿ ಮಾಡಿ. ಮಾತ್ರೆ ಅದಕ್ಕೆ ಅಡ್ಡಿಯಲ್ಲ.

ಇನ್ನು ಮಗನ ವಿಚಾರ. ಹೇಳಿ. ಅವನಿಗೆ ಚಿಂತೆಯಾಗುತ್ತದೆ ಎಂದು ಎರಡು ವರ್ಷ ‘ಚೆನ್ನಾಗಿದ್ದೇನೆ’ ಎನ್ನುತ್ತ ಬಂದಿದ್ದೀರಿ. ಆ ಭಾರವೂ ನಿಮ್ಮ ಎದೆಯ ಮೇಲೆಯೇ ಇದೆ. ರಿಪೋರ್ಟುಗಳ ಕಥೆಯಿಂದ ಶುರುಮಾಡಬೇಡಿ, ಅವನು ಅಲ್ಲೇ ಕುಳಿತು ಇನ್ನೊಂದು ಆಸ್ಪತ್ರೆ ಹುಡುಕತೊಡಗುತ್ತಾನೆ. ‘ಹೃದಯ ಗಟ್ಟಿ ಇದೆ, ಎಲ್ಲ ನೋಡಿಸಿದ್ದೇನೆ. ಆದರೆ ನನಗೆ ಆಗಾಗ ಬಹಳ ಹೆದರಿಕೆಯಾಗುತ್ತದೆ, ರಾತ್ರಿ ನಿದ್ದೆ ಬರುವುದಿಲ್ಲ’ ಎನ್ನಿ. ಅವನು ಏನು ಮಾಡಲಿ ಎಂದು ಕೇಳಿದರೆ, ಮುಂದಿನ ಸಲ ಊರಿಗೆ ಬರುವಾಗ ಮಂಗಳವಾರ ಸೇರುವಂತೆ ಒಂದು ದಿನ ಹೆಚ್ಚಿಗೆ ರಜೆ ಹಾಕಿ ಬರಲು ಹೇಳಿ. ಆ ಮಂಗಳವಾರ ಇಬ್ಬರೂ ಮನೋವೈದ್ಯರ ಬಳಿಗೆ ಹೋಗುವಾಗ ಆ ಫೈಲನ್ನು ಮನೆಯಲ್ಲೇ ಬಿಟ್ಟು, ಕೊನೆಯ ಎರಡು ರಿಪೋರ್ಟು ಮಾತ್ರ ತೆಗೆದುಕೊಂಡು ಹೋಗಿ.